ಮುಚ್ಚಿದ ಅಂಗಡಿಗೆ ಊರಿನ ಕೌಲು

ಅಂಗಡಿಯ ಬಾಗಿಲನ್ನು ಮುಚ್ಚಿಸುವುದಕ್ಕೆ ಒಂದು ಆಜ್ಞೆ ಸಾಕು. ತೆರೆಯಿಸುವುದಕ್ಕೆ ಆಜ್ಞೆಯೊಂದೇ ಸಾಲದು. ೨೦೨೦ನೆಯ ಇಸವಿಯ ಮಾರ್ಚ್ ೨೫ರಂದು ಲಾಕ್‌ಡೌನ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ವಿಧಿಸಲ್ಪಟ್ಟ ದಿಗ್ಬಂಧನವು ಈ ಮಾತಿನ ಪೂರ್ವಾರ್ಧವನ್ನು ಒಂದೇ ರಾತ್ರಿಯಲ್ಲಿ ತೋರಿಸಿಕೊಟ್ಟಿತು. ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್ ಬಜಾರುಗಳಲ್ಲಿ, ಸಿರುಗುಪ್ಪದ ಬಸ್ ನಿಲ್ದಾಣದ ಸುತ್ತಮುತ್ತ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಹೋಗುವ ಹಾದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುತ್ತಿದ್ದ ಬಾಗಿಲುಗಳು ಒಮ್ಮೆಲೇ ಮುಚ್ಚಿದವು. ಉತ್ತರಾರ್ಧವು ಮನದಟ್ಟಾಗುವುದಕ್ಕೆ ಮಾತ್ರ ಎರಡು ವರ್ಷಗಳು ಬೇಕಾದವು. ಮೇ, ಜೂನ್ ತಿಂಗಳುಗಳಲ್ಲಿ ನಿರ್ಬಂಧಗಳು ಸಡಿಲವಾದವು. ಅಂಗಡಿಗಳನ್ನು ತೆರೆಯಬಹುದೆಂಬ ಸುತ್ತೋಲೆಗಳು ಹೊರಟವು. ಆದರೂ ಎಷ್ಟೋ ಬಾಗಿಲುಗಳು ತೆರೆಯಲಿಲ್ಲ. ತೆರೆದವುಗಳಲ್ಲಿಯೂ ಕೆಲವು ೨೦೨೧ರ ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿ, ಮುಚ್ಚಿದಂತೆಯೇ ಉಳಿದುಹೋದವು.

ಇದಕ್ಕೆ ಕಾರಣವನ್ನು ಅಂಗಡಿಕಾರನ ಸೋಮಾರಿತನದಲ್ಲಿಯೋ ಅಂಜಿಕೆಯಲ್ಲಿಯೋ ಹುಡುಕುವುದು ಅನ್ಯಾಯ. ಸಣ್ಣ ವ್ಯಾಪಾರದ ಒಳಗುಟ್ಟನ್ನು ಬಲ್ಲವರಿಗೆ ಕಾರಣ ಸ್ಪಷ್ಟವಾಗಿಯೇ ಇದೆ. ದೊಡ್ಡ ವರ್ತಕನ ಬಂಡವಾಳವು ಬ್ಯಾಂಕಿನಲ್ಲಿರುತ್ತದೆ. ಸಣ್ಣ ಅಂಗಡಿಯವನ ಬಂಡವಾಳವು ಅವನ ಗಿರಾಕಿಗಳ ಮನೆಯಲ್ಲಿರುತ್ತದೆ. ಅದಕ್ಕೆ ಉದ್ರಿ ಎಂದು ಹೆಸರು. ತಿಂಗಳ ಮೊದಲಲ್ಲಿ ಬರುವ ಕೂಲಿ-ಸಂಬಳದಿಂದ ಹಿಂದಿನ ಉದ್ರಿ ತೀರಬೇಕು, ಆ ಹಣದಿಂದ ಸಗಟು ವ್ಯಾಪಾರಿಯ ಬಾಕಿ ಸಲ್ಲಬೇಕು, ಸಂದ ಮೇಲೆ ಹೊಸ ಮಾಲು ಬರಬೇಕು. ಈ ಚಕ್ರವು ದಿನನಿತ್ಯ ತಿರುಗುತ್ತಿರುವವರೆಗೆ ಹತ್ತು ಸಾವಿರ ರೂಪಾಯಿಯಿಂದ ಒಂದು ಸಂಸಾರ ಸಾಗುತ್ತದೆ. ಎರಡು ತಿಂಗಳು ನಿಂತಿತೆಂದರೆ ಆ ಹತ್ತು ಸಾವಿರವು ಎಲ್ಲಿಯೂ ಇಲ್ಲದಂತಾಗುತ್ತದೆ. ಕೂಲಿ ಕಳೆದುಕೊಂಡ ಗಿರಾಕಿಯು ಹಳೆಯ ಬಾಕಿಯನ್ನು ಕೊಡಲಾರ. ತಾನೂ ಸಂಕಟದಲ್ಲಿರುವ ಸಗಟು ವ್ಯಾಪಾರಿಯು ನಗದು ಇಲ್ಲದೆ ಮಾಲು ಬಿಡಲಾರ. ಬಾಡಿಗೆಯಂತೂ ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಒಂದೇ ಸಮನೆ ಬೆಳೆಯುತ್ತದೆ. ಇಂಥ ಸ್ಥಿತಿಯಲ್ಲಿ ‘ನಾಳೆಯಿಂದ ನೀನು ಅಂಗಡಿ ತೆರೆಯಬಹುದು’ ಎಂಬ ಸುತ್ತೋಲೆಯು, ಎತ್ತು ಸತ್ತ ರೈತನಿಗೆ ‘ನಾಳೆಯಿಂದ ಉಳಬಹುದು’ ಎಂದು ಹೇಳಿದಂತೆ. ಕೈಗಡಕ್ಕಾಗಿ ಮೀಟರ್ ಬಡ್ಡಿಯವನ ಮನೆಗೆ ಹೋದವರ ಕಥೆ ಅಲ್ಲಿಂದ ಮುಂದಿನದು, ಅದನ್ನು ವಿವರಿಸಬೇಕಾದುದಿಲ್ಲ.

ಮೂರು ಊರುಗಳ ವ್ಯಾಪಾರದ ಬಗೆಯೂ ಬೇರೆಬೇರೆ. ಸಿರುಗುಪ್ಪವು ತುಂಗಭದ್ರೆಯ ನೀರುಂಡ ಭತ್ತದ ನಾಡು. ಅಲ್ಲಿನ ಪೇಟೆಯ ಬದುಕು ಅಕ್ಕಿ ಗಿರಣಿಗಳನ್ನು ಸುತ್ತುವರಿದಿದೆ. ಕುರುಗೋಡು ಈಚೆಗೆ ತಾಲ್ಲೂಕು ಕೇಂದ್ರವಾದ ಊರು; ಸುತ್ತಣ ಹಳ್ಳಿಗಳಿಂದ ಕಚೇರಿಯ ಕೆಲಸಕ್ಕೆಂದು ಬರುವವರನ್ನೂ, ರಥೋತ್ಸವಕ್ಕೆಂದು ಬರುವ ಭಕ್ತಸಮೂಹವನ್ನೂ ನಂಬಿ ಅಲ್ಲಿನ ಚಹದಂಗಡಿ, ಹಣ್ಣುಕಾಯಿ ಅಂಗಡಿ, ಬೆಂಡು-ಬತ್ತಾಸಿನ ಸಾಲುಗಳು ಬದುಕುತ್ತವೆ. ಬಳ್ಳಾರಿ ನಗರದ ವಿಶೇಷವೆಂದರೆ ಜೀನ್ಸ್ ಹೊಲಿಗೆ. ದೊಡ್ಡ ಕಾರ್ಖಾನೆಯೊಂದರ ಸೂರಿನಡಿ ನಡೆಯುವ ಉದ್ಯಮ ಅದಲ್ಲ. ಒಂದು ಕಡೆ ಬಟ್ಟೆಯನ್ನು ಕತ್ತರಿಸುತ್ತಾರೆ, ಮತ್ತೊಂದು ಓಣಿಯಲ್ಲಿ ಹೊಲಿಯುತ್ತಾರೆ, ಕಾಜಾ ಮತ್ತು ಗುಂಡಿಯ ಕೆಲಸ ಮೂರನೆಯವನದು, ತೊಳೆದು ಬಣ್ಣವಿಳಿಸುವುದು ನಾಲ್ಕನೆಯ ಕಡೆ. ಉಳಿದ ದಾರವನ್ನು ಕತ್ತರಿಸುವ ಕೆಲಸವು ಮನೆಮನೆಯ ಹೆಣ್ಣುಮಕ್ಕಳ ಕೈಗೆ ಬರುತ್ತದೆ. ಒಂದು ಷರಾಯಿಯು ಅಂಗಡಿಯ ಗೂಟವನ್ನು ಸೇರುವುದಕ್ಕೆ ಮೊದಲು ಇಷ್ಟು ಹೊಸ್ತಿಲುಗಳನ್ನು ದಾಟಬೇಕು. ಇವುಗಳಲ್ಲಿ ಒಂದು ಹೊಸ್ತಿಲಿಗೆ ಅನುಮತಿ ಇಲ್ಲವೆಂದರೆ ಉಳಿದವುಗಳಿಗೆ ಕೊಟ್ಟ ಅನುಮತಿಯಿಂದ ಏನೂ ಪ್ರಯೋಜನವಿಲ್ಲ.

ಈ ಅಂಶವು ‘ಅಗತ್ಯ ವಸ್ತು’ಗಳ ಪಟ್ಟಿಯನ್ನು ಮಾಡಿದವರ ಕಣ್ಣಿಗೆ ಬೀಳಲಿಲ್ಲ. ಅಕ್ಕಿಯ ಗಿರಣಿ ಅಗತ್ಯವೆಂದು ಪಟ್ಟಿಯಲ್ಲಿತ್ತು, ಅದು ಯುಕ್ತವೇ. ಆದರೆ ಗಿರಣಿಯ ಯಂತ್ರದ ಪಟ್ಟಿಯು ತುಂಡಾದಾಗ ಅದನ್ನು ಮಾರುವ ಅಂಗಡಿ, ಮುರಿದ ಕಬ್ಬಿಣವನ್ನು ಬೆಸೆಯುವ ವೆಲ್ಡಿಂಗ್ ಶೆಡ್ಡು, ಚೀಲ ಹೊಲಿಯುವವನು, ಹಮಾಲರಿಗೆ ಬೆಳಗ್ಗೆ ಮಂಡಾಳು ಒಗ್ಗರಣೆ ಮಿರ್ಚಿ ಕೊಡುವಾಕೆ, ಇವರು ಅಗತ್ಯವೋ ಅನಗತ್ಯವೋ? ದೆಹಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು ಇದನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಅಲ್ಲಿದ್ದವರ ಮೇಲೆ ತಪ್ಪು ಹೊರಿಸುವುದೂ ಸಲ್ಲದು. ಸಿರುಗುಪ್ಪದ ಗಿರಣಿಯು ಯಾರಾರನ್ನು ನಂಬಿ ನಡೆಯುತ್ತದೆಂಬುದು ಸಿರುಗುಪ್ಪದ ನಗರಸಭೆಗೆ ತಿಳಿದಿರತಕ್ಕ ವಿಷಯ. ಊರಾಡಳಿತವು ಇರುವುದೇ ಇಂಥ ತಿಳಿವಳಿಕೆಗಾಗಿ.

ಸರ್ಕಾರಗಳು ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನು ಮರೆಯಬಾರದು. ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ೨೦೨೦ರ ಆಗಸ್ಟ್ ಅಂತ್ಯದವರೆಗೆ ವಿನಾಯಿತಿ ಕೊಟ್ಟಿತು. ರಾಜ್ಯ ಸರ್ಕಾರವು ೨೦೨೦ರ ಮೇ ೬ರಂದು ೧,೬೧೦ ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿ, ಸುಮಾರು ೨,೩೦,೦೦೦ ಕ್ಷೌರಿಕರಿಗೂ ೬೦,೦೦೦ ಅಗಸರಿಗೂ ತಲಾ ೫,೦೦೦ ರೂಪಾಯಿ ಕೊಡುವುದಾಗಿ ಹೇಳಿತು. ೨೦೨೧ರ ಮೇ ತಿಂಗಳಲ್ಲಿ ೧,೨೫೦ ಕೋಟಿಯ ಇನ್ನೊಂದು ಪರಿಹಾರ ಬಂದಿತು. ಅದರಲ್ಲಿ ಬೀದಿಬದಿಯ ವ್ಯಾಪಾರಿಗಳಿಗೆ ೨,೦೦೦ ರೂಪಾಯಿ ದೊರೆಯತಕ್ಕದ್ದಾಗಿತ್ತು, ದರ್ಜಿಗಳ ಹೆಸರೂ ಆ ಪಟ್ಟಿಯಲ್ಲಿ ಸೇರಿತು. ಕೇಂದ್ರ ಸರ್ಕಾರವು ೨೦೨೦ರ ಜೂನ್ ೧ರಂದು ಆರಂಭಿಸಿದ ‘ಪಿಎಂ ಸ್ವನಿಧಿ’ ಯೋಜನೆಯು ಜಾಮೀನಿಲ್ಲದೆ ೧೦,೦೦೦ ರೂಪಾಯಿ ಸಾಲವನ್ನೂ, ಸಕಾಲದಲ್ಲಿ ತೀರಿಸಿದವರಿಗೆ ನೂರಕ್ಕೆ ೭ರಂತೆ ಬಡ್ಡಿಯ ಸಹಾಯವನ್ನೂ ಒದಗಿಸಿತು. ತಳ್ಳುಬಂಡಿಯವನು ಬ್ಯಾಂಕಿನ ಬಾಗಿಲಲ್ಲಿ ಕುರ್ಚಿಯ ಮೇಲೆ ಕುಳಿತುಕೊಳ್ಳುವಂತಾದುದು ಅಲ್ಪ ಸಂಗತಿಯಲ್ಲ. ಆ ಯೋಜನೆಯನ್ನು ೨೦೨೫ರಲ್ಲಿ ಮುಂದುವರಿಸಿ ಮೊದಲ ಸಾಲವನ್ನು ೧೫,೦೦೦ಕ್ಕೆ ಏರಿಸಿರುವುದು ಅದರ ಉಪಯುಕ್ತತೆಗೆ ಸಾಕ್ಷಿ.

ಇಷ್ಟಾದರೂ ಈ ಸಹಾಯಗಳೆಲ್ಲಕ್ಕೂ ಒಂದೇ ಹೆಬ್ಬಾಗಿಲಿತ್ತು. ಆ ಬಾಗಿಲ ಕೀಲಿಯು ಊರಾಡಳಿತದ ಕೈಯಲ್ಲಿತ್ತು. ಕ್ಷೌರಿಕನು ಕ್ಷೌರಿಕನೆಂಬುದಕ್ಕೆ ವೃತ್ತಿಯ ಪ್ರಮಾಣಪತ್ರ ಬೇಕು. ಬೀದಿಯ ವ್ಯಾಪಾರಿಯು ೨೦೨೦ರ ಮಾರ್ಚ್ ೨೪ಕ್ಕೆ ಮೊದಲೇ ವ್ಯಾಪಾರ ಮಾಡುತ್ತಿದ್ದನೆಂಬುದಕ್ಕೆ ಸಮೀಕ್ಷೆಯಲ್ಲಿ ಅವನ ಹೆಸರಿರಬೇಕು, ಇಲ್ಲವೇ ನಗರಸಂಸ್ಥೆಯ ಶಿಫಾರಸು ಪತ್ರ ಬೇಕು. ಇಪ್ಪತ್ತು ವರ್ಷ ಒಂದೇ ಮರದಡಿ ಕುಳಿತು ಚಪ್ಪಲಿ ಹೊಲಿದವನನ್ನು ಊರೆಲ್ಲ ಬಲ್ಲದು. ಊರಿನ ಪುಸ್ತಕ ಮಾತ್ರ ಅರಿಯದು. ಬೀದಿಬದಿ ವ್ಯಾಪಾರಿಗಳ ೨೦೧೪ರ ಕಾಯಿದೆಯಂತೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾಗಿರಬೇಕು. ಈ ಕಾಯಿದೆಯು ಯಾರ ಮೇಲೆಯೂ ಮಾಡಿದ ಉಪಕಾರವಲ್ಲ. ಶಾಂತಕಾಲದಲ್ಲಿ ಅದನ್ನು ಶ್ರದ್ಧೆಯಿಂದ ನಡೆಸಿದ ಊರಿಗೆ ಸಂಕಟಕಾಲದಲ್ಲಿ ಪಟ್ಟಿಯು ಸಿದ್ಧವಾಗಿರುತ್ತದೆ. ನಡೆಸದ ಊರು ಜ್ವರದ ನಡುವೆ ಪಟ್ಟಿಯನ್ನು ಬರೆಯಲು ಕೂರುತ್ತದೆ. ಆಗ ಓದುಬರಹ ಬಲ್ಲವನು, ಯಾರನ್ನಾದರೂ ಬಲ್ಲವನು ಮೊದಲು ಬರೆಯಿಸಿಕೊಳ್ಳುತ್ತಾನೆ. ಮನೆಯಲ್ಲಿಯೇ ಕುಳಿತು ಜೀನ್ಸಿನ ದಾರ ಕತ್ತರಿಸುವ ಹೆಣ್ಣುಮಗಳು ಬೀದಿಯ ವ್ಯಾಪಾರಿಯೂ ಅಲ್ಲ, ಕಾರ್ಖಾನೆಯ ಕಾರ್ಮಿಕಳೂ ಅಲ್ಲ. ಅವಳನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕೆಂಬುದು ಇಂದಿಗೂ ಬಿಡಿಸದ ಒಗಟು.

ಹಣದ ಮಾತು ಇಲ್ಲಿಗೆ ಸಾಕು. ಮುಚ್ಚಿದ ಅಂಗಡಿಯನ್ನು ತೆರೆಯಿಸುವುದಕ್ಕೆ ಹಣಕ್ಕಿಂತ ಮೊದಲು ಬೇಕಾದುದು ಇನ್ನೊಂದುಂಟು. ಅದಕ್ಕೆ ಈ ಸೀಮೆಯಲ್ಲಿಯೇ ಹಳೆಯ ಹೆಸರೊಂದಿದೆ: ಕೌಲು.

ಕೌಲು ಎಂಬುದು ಅರಬ್ಬಿಯಿಂದ ಬಂದು ಕನ್ನಡದಲ್ಲಿ ನೆಲೆಸಿದ ಮಾತು. ಮೂಲದಲ್ಲಿ ಅದಕ್ಕೆ ‘ನುಡಿ’ ಎಂದೇ ಅರ್ಥ. ಬಳಕೆಯಲ್ಲಿ, ಆಳುವವನು ಬರಹದ ಮೂಲಕ ಕೊಟ್ಟ ನುಡಿ, ಕರಾರು, ಅಭಯಪತ್ರ. ಊರು ಬಿಟ್ಟು ಹೋದವರನ್ನು ಮರಳಿ ಕರೆಯುವಾಗ, ಹೊಸ ಪೇಟೆಯನ್ನು ಕಟ್ಟುವಾಗ, ಬೀಳುಬಿದ್ದ ಭೂಮಿಯನ್ನು ಸಾಗುವಳಿಗೆ ತರುವಾಗ ‘ಇಷ್ಟು ವರ್ಷ ತೆರಿಗೆ ಇಲ್ಲ, ಆಮೇಲೆ ಇಷ್ಟಿಷ್ಟು ಏರಿಕೆ’ ಎಂದು ಬರೆದುಕೊಡುವ ಪದ್ಧತಿಯಿತ್ತು. ೧೮೦೦ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಗೆ ಬಂದು ‘ದತ್ತಮಂಡಲ’ವೆನಿಸಿಕೊಂಡ ಬಳ್ಳಾರಿಯ ಪ್ರಾಂತಕ್ಕೆ ಕೌಲು ಎಂಬುದು ಮನೆಮಾತಾಗಿದ್ದಿತು. ಬಳ್ಳಾರಿಯ ಕೌಲ್ ಬಜಾರಿನ ಹೆಸರನ್ನು ದಿನವೂ ಉಚ್ಚರಿಸುವವರ ಕಿವಿಗೆ ಆ ಮಾತು ಇಂದಿಗೂ ಕೇಳಿಸಬೇಕು.

ಇನ್ನೂ ಹಿಂದಿನ ದೃಷ್ಟಾಂತವೊಂದು ಹಂಪೆಯದೇ ಇದೆ. ಹದಿನಾರನೆಯ ಶತಮಾನದ ನಡುವಿನಲ್ಲಿ, ಸದಾಶಿವರಾಯನು ಸಿಂಹಾಸನದ ಮೇಲಿದ್ದಾಗ, ಆಡಳಿತದ ಸೂತ್ರವನ್ನು ಹಿಡಿದಿದ್ದ ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿ, ಕ್ಷೌರಿಕವೃತ್ತಿಯವರ ಮೇಲಿನ ತೆರಿಗೆಯನ್ನೂ ಬಿಟ್ಟಿಯನ್ನೂ ಮನ್ನಾ ಮಾಡಿಸಿದನು. ಇದನ್ನು ತಿಳಿಸುವ ಶಾಸನಗಳು ಬಾದಾಮಿಯೇ ಮೊದಲಾಗಿ ಹಲವು ಕಡೆ ದೊರೆತಿವೆ. ಇಲ್ಲಿ ಗಮನಿಸತಕ್ಕ ಸಂಗತಿಯು ದೊರೆಯ ಔದಾರ್ಯವಲ್ಲ; ಆ ಆಜ್ಞೆಯನ್ನು ರಾಜಧಾನಿಯ ಓಲೆಯಲ್ಲಿ ಬರೆದಿಟ್ಟು ಸುಮ್ಮನಾಗದೆ ಊರೂರಿನ ಕಲ್ಲಿನ ಮೇಲೆ ಕೊರೆಯಿಸಿದರೆಂಬುದು. ತೆರಿಗೆ ಕೇಳಲು ಬಂದವನಿಗೆ ಕ್ಷೌರಿಕನು ಕೈಯೆತ್ತಿ ಆ ಕಲ್ಲನ್ನು ತೋರಿಸಬಹುದಾಗಿತ್ತು. ೨೦೨೦ರ ೫,೦೦೦ ರೂಪಾಯಿ ಒಂದು ಸಲಕ್ಕೆ ಒದಗಿದ ಸಹಾಯ. ಅದು ಮುಗಿದ ಮೇಲೆ ಕೈಯೆತ್ತಿ ತೋರಿಸುವುದಕ್ಕೆ ಏನೂ ಉಳಿಯಲಿಲ್ಲ.

ಸಣ್ಣ ವ್ಯಾಪಾರಿಯನ್ನು ಆ ಎರಡು ವರ್ಷಗಳಲ್ಲಿ ಹಣ್ಣುಮಾಡಿದ್ದು ನಷ್ಟಕ್ಕಿಂತ ಹೆಚ್ಚಾಗಿ ಅನಿಶ್ಚಯ. ಇಂದು ಆರರಿಂದ ಹತ್ತರವರೆಗೆ, ನಾಳೆ ಪೂರ್ತಿ ಬಂದ್, ನಾಡಿದ್ದು ಎಡಬದಿಯ ಸಾಲು ಮಾತ್ರ. ಮಿರ್ಚಿ ಕರಿಯುವ ಹೆಂಗಸೊಬ್ಬಳನ್ನು ಭಾವಿಸಿಕೊಳ್ಳಿ. ರಾತ್ರಿಯೇ ಮಂಡಾಳು ತರಬೇಕು, ಹಿಟ್ಟು, ಎಣ್ಣೆ, ಮೆಣಸಿನಕಾಯಿ ಹೊಂದಿಸಬೇಕು. ಬೆಳಗ್ಗೆ ಬಂಡಿ ಹೂಡುವ ಹೊತ್ತಿಗೆ ಹೊಸ ಆಜ್ಞೆ ಬಂದಿದೆಯೆಂದರೆ ಅಂದಿನ ಬಂಡವಾಳವೆಲ್ಲ ಮಣ್ಣುಪಾಲು. ಹೀಗೆ ಎರಡು ಸಲವಾದರೆ ಮೂರನೆಯ ಸಲ ಆಕೆ ಬಂಡಿಯನ್ನು ಹೂಡುವುದಿಲ್ಲ; ನಿರ್ಬಂಧವು ತೆರವಾದರೂ ಹೂಡುವುದಿಲ್ಲ. ಲಾಠಿಯ ಏಟು, ಕಿತ್ತುಕೊಂಡ ತಕ್ಕಡಿ, ಬೀದಿಗೆ ಚೆಲ್ಲಿದ ತರಕಾರಿ ಇವುಗಳ ನೆನಪು ಬೇರೆ. ‘ಇಂಥ ತಾರೀಖಿನವರೆಗೆ, ಇಂಥ ಜಾಗದಲ್ಲಿ, ಇಂಥ ನಿಯಮಕ್ಕೊಳಪಟ್ಟು ನೀನು ವ್ಯಾಪಾರ ಮಾಡಬಹುದು, ಯಾರೂ ತಡೆಯತಕ್ಕದ್ದಲ್ಲ’ ಎಂದು ಪುರಸಭೆಯ ಮುದ್ರೆಯೊತ್ತಿದ ಒಂದು ಚೀಟಿಯು ಆಕೆಯ ಕೈಯಲ್ಲಿದ್ದಿದ್ದರೆ ಅದಕ್ಕೆ ತಗಲುತ್ತಿದ್ದ ಖರ್ಚು ಒಂದು ಹಾಳೆಯ ಬೆಲೆ.

ಆ ಚೀಟಿಯಲ್ಲಿ ಏನಿರಬೇಕು? ಎಲ್ಲಕ್ಕಿಂತ ಮುಖ್ಯವಾದುದು ಜಾಗ. ಊರಾಡಳಿತದ ಬಳಿ ಹಣವಿಲ್ಲದಿರಬಹುದು, ನೆಲವಿದೆ. ಮೈದಾನಗಳು, ಅಗಲವಾದ ರಸ್ತೆಗಳು, ರಜೆಯಲ್ಲಿರುವ ಶಾಲೆಗಳ ಅಂಗಳಗಳು ಊರಿನವೇ. ಈ ರೋಗವು ಮುಚ್ಚಿದ ಕೋಣೆಯ ಗಾಳಿಯಲ್ಲಿ ಹರಡುವಂತೆ ಬಯಲಿನಲ್ಲಿ ಹರಡುವುದಿಲ್ಲವೆಂಬುದನ್ನು ೨೦೨೧ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದ್ದಿತು. ಆ ತಿಳಿವಿನ ಬೆಳಕಿನಲ್ಲಿ ಹಿಂದಿರುಗಿ ನೋಡಿದರೆ ವಿಪರ್ಯಾಸವೊಂದು ಕಾಣುತ್ತದೆ: ಬಯಲಿನಲ್ಲಿ ನಿಂತು ಮಾರುವವನೇ ಎಲ್ಲರಿಗಿಂತ ಕಡಿಮೆ ಅಪಾಯಕಾರಿ, ಎಲ್ಲರಿಗಿಂತ ಮೊದಲು ಎಬ್ಬಿಸಲ್ಪಟ್ಟವನೂ ಅವನೇ. ಪ್ಲೇಗಿನ ಕಾಲದ ಹಿರಿಯರಿಗೆ ಈ ವಿಷಯದಲ್ಲಿ ಹೆಚ್ಚಿನ ವಿವೇಕವಿತ್ತೆನ್ನಬೇಕು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿಯು ಕನ್ನಡನಾಡಿನೊಳಕ್ಕೆ ಹಬ್ಬಿದಾಗ ಜನರು ಊರನ್ನು ತೊರೆದು ಹೊರವಲಯದಲ್ಲಿ ಗುಡಿಸಲು ಹಾಕಿಕೊಂಡರು; ಊರಿನೊಡನೆ ಅಂಗಡಿಯೂ ಬಯಲಿಗೆ ಹೋಯಿತು. (೨೦೨೦ರಲ್ಲಿ ಅಧಿಕಾರಿಗಳು ಕೈಗೆತ್ತಿಕೊಂಡ ಸಾಂಕ್ರಾಮಿಕ ರೋಗಗಳ ಕಾಯಿದೆಯು ಆ ಪ್ಲೇಗಿನ ಕಾಲದ್ದೇ, ೧೮೯೭ರದು. ಕಾಯಿದೆಯನ್ನು ನೆನಪಿಟ್ಟುಕೊಂಡವರು ಬಯಲನ್ನು ಮರೆತರು.) ದೂರದ ಲಿಥುವೇನಿಯ ದೇಶದ ವಿಲ್ನಿಯಸ್ ನಗರವು ೨೦೨೦ರ ಏಪ್ರಿಲಿನಲ್ಲಿ ತನ್ನ ಚೌಕಗಳನ್ನೂ ಬೀದಿಗಳನ್ನೂ ಉಪಾಹಾರಗೃಹಗಳಿಗೆ ಮೇಜು ಹಾಕಿಕೊಳ್ಳಲು ಉಚಿತವಾಗಿ ಬಿಟ್ಟುಕೊಟ್ಟಿತು. ಮಳೆ ಚಳಿಗಳ ಆ ನಾಡಿಗೆ ಸಾಧ್ಯವಾದುದು, ವರ್ಷದ ಬಹುಭಾಗ ಮಳೆಯನ್ನೇ ಕಾಣದ ಬಳ್ಳಾರಿಗೆ ಅಸಾಧ್ಯವೇನಲ್ಲ. ನೆರಳು ಬೇಕು, ಅಷ್ಟೆ. ಚಪ್ಪರ ಹಾಕುವುದು ಈ ಜನಕ್ಕೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಸಮಯದ ವಿಷಯದಲ್ಲಿಯೂ ಇದೇ ಮಾತು. ೨೦೨೧ರ ಏಪ್ರಿಲ್ ಕೊನೆಯಲ್ಲಿ ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ ಅವಕಾಶವಿತ್ತು. ದಿನವೆಲ್ಲ ಹರಡಿಕೊಂಡು ಬರುತ್ತಿದ್ದ ಜನರನ್ನು ನಾಲ್ಕು ಗಂಟೆಗಳೊಳಗೆ ತುರುಕಿದರೆ ಗುಂಪು ಕರಗುವುದೋ ಕೂಡುವುದೋ ಎಂಬುದನ್ನು ಅಂದಿನ ತರಕಾರಿ ಮಾರುಕಟ್ಟೆಗಳೇ ಹೇಳಿದವು.

ಎರಡನೆಯದು ಬಾಡಿಗೆ ಮತ್ತು ನೆಲಬಾಡಿಗೆ. ಖಾಸಗಿ ಮಾಲೀಕನನ್ನು ಬಾಡಿಗೆ ಬಿಡೆಂದು ಒತ್ತಾಯಿಸುವ ಅಧಿಕಾರ ಪುರಸಭೆಗಿಲ್ಲ. ಆದರೆ ಪುರಸಭೆಯೇ ಮಾಲೀಕನಾಗಿರುವ ಮಳಿಗೆಗಳು ಊರೂರಿನಲ್ಲಿವೆ. ಮುಚ್ಚೆಂದು ತಾನೇ ಹೇಳಿ, ಮುಚ್ಚಿದ ತಿಂಗಳ ಬಾಡಿಗೆಯನ್ನು ತಾನೇ ಕೇಳುವುದು ನ್ಯಾಯವಲ್ಲ. ಸಂತೆಯ ನೆಲಬಾಡಿಗೆಯನ್ನು ಹರಾಜಿನಲ್ಲಿ ಗುತ್ತಿಗೆದಾರನಿಗೆ ವಹಿಸುವ ಪದ್ಧತಿ ಇರುವಲ್ಲಿ ಇನ್ನೊಂದು ತೊಡಕುಂಟು: ಹರಾಜಿನ ಹಣವನ್ನು ಮುಂಗಡವಾಗಿ ಕಟ್ಟಿದ ಗುತ್ತಿಗೆದಾರನು, ಸಂತೆ ಮತ್ತೆ ಕೂಡಿದ ದಿನವೇ ಕಳೆದ ತಿಂಗಳುಗಳ ನಷ್ಟವನ್ನೂ ಸೊಪ್ಪಿನ ಸಿವುಡಿನ ಮೇಲೆ ಎಣಿಸತೊಡಗುತ್ತಾನೆ. ಸಂತೆ ನಿಂತಷ್ಟು ದಿನ ಗುತ್ತಿಗೆಯ ಅವಧಿಯನ್ನು ಮುಂದಕ್ಕೆ ಹಾಕುವ ಷರತ್ತು ಹರಾಜಿನ ಕರಾರಿನಲ್ಲಿಯೇ ಇದ್ದರೆ ಈ ಹೊರೆಯು ಮುದುಕಿಯ ಬುಟ್ಟಿಗೆ ಇಳಿಯುವುದಿಲ್ಲ. ಉದ್ಯಮ ಪರವಾನಗಿಯ ಶುಲ್ಕಕ್ಕೂ ಅದೇ ನ್ಯಾಯ.

ಇಲ್ಲೊಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಕುರುಗೋಡಿನಂಥ ಸಣ್ಣ ಪುರಸಭೆಯು ಬಾಡಿಗೆ, ಶುಲ್ಕಗಳನ್ನು ಬಿಟ್ಟುಕೊಟ್ಟರೆ ಪೌರಕಾರ್ಮಿಕರ ಖರ್ಚು, ಬೀದಿದೀಪ, ನೀರಿನ ಮೋಟಾರಿನ ಬಿಲ್ಲುಗಳನ್ನು ಹೇಗೆ ತೂಗಿಸುವುದು? ಆಕ್ಷೇಪವು ಸಾರವುಳ್ಳದ್ದು, ಹಾರಿಸಿ ಮಾತನಾಡತಕ್ಕದ್ದಲ್ಲ. ಕರ್ನಾಟಕದಲ್ಲಿ ೧೯೭೯ರವರೆಗೆ ಆಕ್ಟ್ರಾಯ್ ಸುಂಕವಿತ್ತು. ಊರ ಬಾಗಿಲಿನ ನಾಕೆಯಲ್ಲಿ ಸರಕಿನ ಮೇಲೆ ವಸೂಲಾದ ಹಣವು ನೇರವಾಗಿ ಪುರಸಭೆಯ ಪೆಟ್ಟಿಗೆಗೆ ಬೀಳುತ್ತಿತ್ತು. ಆ ಸುಂಕದ ಕಿರುಕುಳವು ಹೇಳತೀರದು, ಅದು ರದ್ದಾದುದೇ ಒಳ್ಳೆಯದಾಯಿತು. ಆದರೆ ಅದರೊಡನೆ ಒಂದು ನಂಟೂ ಕಡಿದುಹೋಯಿತು. ಪೇಟೆ ಒಂದು ವಾರ ಮುಚ್ಚಿದರೆ ಆಗ ಪುರಸಭೆಯ ಹೊಟ್ಟೆಯೂ ಹಸಿಯುತ್ತಿತ್ತು. ಇಂದು ವ್ಯಾಪಾರದ ತೆರಿಗೆಯೆಲ್ಲ ರಾಜ್ಯ, ಕೇಂದ್ರಗಳಿಗೆ ಹೋಗಿ ಅನುದಾನದ ರೂಪದಲ್ಲಿ ಹ್ರಸ್ವವಾಗಿ ಹಿಂದಿರುಗುವುದರಿಂದ, ಪೇಟೆಯ ಸಂಕಟವು ನಗರಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದಕಾರಣ, ಸಾಂಕ್ರಾಮಿಕದ ಕಾಲದಲ್ಲಿ ಊರಾಡಳಿತವು ಬಿಟ್ಟುಕೊಟ್ಟ ಬಾಡಿಗೆ-ಶುಲ್ಕವನ್ನು ಮೇಲಿನ ಸರ್ಕಾರವು ಅನುದಾನದಲ್ಲಿ ತುಂಬಿಕೊಡತಕ್ಕದ್ದು. ಮುಚ್ಚುವ ಆಜ್ಞೆಯು ಮೇಲಿನಿಂದ ಬರುವುದಾದರೆ ಅದರ ವೆಚ್ಚದ ಪಾಲೂ ಮೇಲಿನಿಂದಲೇ ಬರಬೇಕು.

ರೋಗದ ಭಯವನ್ನು ಹಗುರವಾಗಿ ಕಾಣುತ್ತಿರುವುದೆಂದು ಯಾರೂ ತಿಳಿಯಬಾರದು. ೨೦೨೧ರ ಬೇಸಗೆಯಲ್ಲಿ ಆಮ್ಲಜನಕಕ್ಕಾಗಿ ಜನ ಪಟ್ಟ ಪಾಡನ್ನು ಬಳ್ಳಾರಿಯ ಜಿಲ್ಲೆ ಮರೆಯಲಾರದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೇ ಏಳಬೇಕಾಯಿತು. ಮುಚ್ಚಲೇಬೇಕಾದ ವಾರಗಳಿರುತ್ತವೆ. ಆದರೆ ಮುಚ್ಚುವ ದಿನವೇ ತೆರೆಯುವ ಕ್ರಮವನ್ನೂ ಬರೆದಿಡಬೇಕಾದುದು ಅವಶ್ಯ. ದೊಡ್ಡ ಕಾರ್ಖಾನೆಗಳಿಗೆ ‘ನಿರಂತರ ಪ್ರಕ್ರಿಯೆ’ ಎಂಬ ಕಾರಣದಿಂದ ಕೆಲಸ ಮುಂದುವರಿಸಲು ಅವಕಾಶ ದೊರೆಯಿತು; ಕುಲುಮೆಯನ್ನು ಆರಿಸಿದರೆ ಮತ್ತೆ ಹೊತ್ತಿಸುವುದು ಕಷ್ಟವೆಂಬುದು ನಿಜವೇ. ಉದ್ರಿಯ ಚಕ್ರವೂ ಒಂದು ನಿರಂತರ ಪ್ರಕ್ರಿಯೆಯೇ ಎಂದು ವಾದಿಸುವವರು ಮಾತ್ರ ಆಗ ಯಾರೂ ಇರಲಿಲ್ಲ.

ಯಾರೂ ಇರಲಿಲ್ಲ ಎಂಬುದು ಅಲಂಕಾರದ ಮಾತಲ್ಲ. ಬಳ್ಳಾರಿ ಮಹಾನಗರ ಪಾಲಿಕೆಯ ಹಿಂದಿನ ಚುನಾಯಿತ ಮಂಡಳಿಯ ಅವಧಿಯು ೨೦೧೯ರಲ್ಲಿಯೇ ಮುಗಿದಿದ್ದಿತು. ಮೊದಲನೆಯ ಅಲೆಯು ಬಂದು ಹೋದದ್ದು ಆಡಳಿತಾಧಿಕಾರಿಯ ಕಾಲದಲ್ಲಿ. ೨೦೨೧ರ ಏಪ್ರಿಲ್ ೨೭ರಂದು ೩೯ ವಾರ್ಡುಗಳಿಗೆ ಮತದಾನ ನಡೆಯಿತು. ಅದೇ ರಾತ್ರಿ ಒಂಬತ್ತು ಗಂಟೆಗೆ ರಾಜ್ಯವೆಲ್ಲ ಎರಡನೆಯ ಸಲ ಮುಚ್ಚಿತು. ಹಗಲು ಮತ ಹಾಕಿದ ಅಂಗಡಿಕಾರನು ರಾತ್ರಿ ಬಾಗಿಲೆಳೆದನು. ಆರಿಸಿಬಂದ ಸದಸ್ಯರ ನಡುವಿನಿಂದ ಮೇಯರ್ ಆಯ್ಕೆಯಾದದ್ದು ೨೦೨೨ರ ಮಾರ್ಚಿನಲ್ಲಿ. ಅಂದರೆ ಸಾಂಕ್ರಾಮಿಕದ ಕಠಿಣ ಕಾಲವೆಲ್ಲ ಕಳೆಯುವವರೆಗೆ ಬಳ್ಳಾರಿಯ ಪೇಟೆಯ ಪರವಾಗಿ ಸಭೆಯಲ್ಲಿ ಎದ್ದುನಿಂತು ಮಾತನಾಡುವ ಊರಿನ ಪ್ರತಿನಿಧಿ ಒಬ್ಬನೂ ಅಧಿಕಾರದಲ್ಲಿರಲಿಲ್ಲ. ಅಧಿಕಾರಿಗಳು ದುಡಿಯಲಿಲ್ಲವೆಂದಲ್ಲ, ಅನೇಕರು ಹಗಲಿರುಳೂ ದುಡಿದರು. ಆದರೆ ಅಧಿಕಾರಿಗೆ ಮೇಲಿನವರ ಆಜ್ಞೆಯನ್ನು ಕೆಳಗಿಳಿಸುವುದು ಧರ್ಮ. ಕೆಳಗಿನವರ ಕಷ್ಟವನ್ನು ಮೇಲಕ್ಕೇರಿಸುವುದು ಪ್ರತಿನಿಧಿಯ ಧರ್ಮ. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯು ಜಿಲ್ಲಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿಯ ಜೊತೆಗೆ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗೂ ಸಹ-ಅಧ್ಯಕ್ಷನ ಪೀಠವಿಟ್ಟಿರುವುದು ಈ ಕಾರಣಕ್ಕಾಗಿಯೇ. ಚುನಾವಣೆಯನ್ನು ಮುಂದೂಡುವ ಚಾಳಿಯನ್ನು ಪಕ್ಷಗಳ ಹಗ್ಗಜಗ್ಗಾಟವೆಂದು ನಕ್ಕು ಬಿಡುವ ನಾಗರಿಕರು, ಅದರ ಬೆಲೆಯನ್ನು ತೆತ್ತವನು ತಳ್ಳುಬಂಡಿಯವನೆಂಬುದನ್ನು ಗಮನಿಸಬೇಕು.

ಚುನಾಯಿತ ಊರಾಡಳಿತವು ಏನು ಮಾಡಬಲ್ಲದೆಂಬುದಕ್ಕೆ ನೆರೆಯ ಕೇರಳವೇ ಉದಾಹರಣೆ. ಅಲ್ಲಿನ ಪಂಚಾಯಿತಿ, ಪುರಸಭೆಗಳು ೨೦೨೦ರ ಮಾರ್ಚಿನ ಕೊನೆಯಲ್ಲಿಯೇ ಕುಟುಂಬಶ್ರೀ ಮಹಿಳಾ ಸಂಘಗಳೊಡನೆ ಸೇರಿ ಊರೂರಿಗೆ ಸಮುದಾಯದ ಅಡುಗೆಮನೆಗಳನ್ನು ತೆರೆದವು. ಅದು ಅನ್ನದಾನ ಮಾತ್ರವಾಗಿ ಉಳಿಯಲಿಲ್ಲ. ಆ ಮಹಿಳೆಯರೇ ಮುಂದೆ ೨೦ ರೂಪಾಯಿಗೆ ಊಟ ಹಾಕುವ ‘ಜನಕೀಯ ಹೋಟೆಲು’ಗಳನ್ನು ನಡೆಸಿದರು, ಜಾಗ, ನೀರು, ವಿದ್ಯುತ್ತಿನ ಹೊಣೆಯನ್ನು ಊರಾಡಳಿತವು ಹೊತ್ತಿತು. ೨೦೨೩ರಲ್ಲಿ ಸರ್ಕಾರವು ಪ್ರತಿ ಊಟದ ಸಹಾಯಧನವನ್ನು ನಿಲ್ಲಿಸಿದ ಮೇಲೆ ಅವುಗಳಿಗೆ ಕಷ್ಟ ಬಂದುದೂ ಉಂಟು. ಹಾಗಿದ್ದರೂ ಹಸಿದವನಿಗೆ ಅನ್ನವನ್ನೂ ಬಡಿಸುವವಳಿಗೆ ಕಾಯಕವನ್ನೂ ಒಂದೇ ಒಲೆಯಿಂದ ಒದಗಿಸಿದ ಈ ಯೋಚನೆಯು ದಾಸೋಹದ ಪರಂಪರೆಯುಳ್ಳ ಈ ನಾಡಿಗೆ ಹೊಸದೆನಿಸಬೇಕಾಗಿಲ್ಲ.

ಈ ಸಂಪುಟವನ್ನು ಓದುವವರಲ್ಲಿ ಅಂಗಡಿಕಾರರ ಮಕ್ಕಳು ಬಹಳ ಮಂದಿ ಇರುವರು. ಗಲ್ಲೆಯ ಪಕ್ಕದಲ್ಲಿ ಕುಳಿತು ಮಗ್ಗಿ ಕಲಿತವರು, ಸಂಜೆಯ ವ್ಯಾಪಾರ ಮುಗಿದ ಮೇಲೆ ತಂದೆಯು ಎಣಿಸಿಕೊಟ್ಟ ಚಿಲ್ಲರೆಯಿಂದ ಶಾಲೆಯ ಶುಲ್ಕ ಕಟ್ಟಿದವರು ಇಂದು ಅಧ್ಯಾಪಕರು, ವೈದ್ಯರು, ಅಧಿಕಾರಿಗಳಾಗಿದ್ದಾರೆ. ೨೦೨೦-೨೧ರಲ್ಲಿ ಶಾಲೆಯೂ ಮುಚ್ಚಿತ್ತು, ಅಂಗಡಿಯೂ ಮುಚ್ಚಿತ್ತು. ಶಾಲೆ ತೆರೆದಾಗ ಕೆಲವು ಹುಡುಗರು ಮರಳಲಿಲ್ಲ. ಅವರು ಗ್ಯಾರೇಜಿನಲ್ಲಿಯೋ ಮೆಣಸಿನಕಾಯಿಯ ಹೊಲದಲ್ಲಿಯೋ ಇದ್ದರು. ಅಂಗಡಿಯೊಂದು ಒಂದು ತಿಂಗಳು ಮೊದಲೇ ತೆರೆದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರೊಂದು ಉಳಿಯುತ್ತಿತ್ತು ಎಂಬ ಲೆಕ್ಕವನ್ನು ಯಾವ ಇಲಾಖೆಯೂ ಇಡುವುದಿಲ್ಲ.

ಮಾರಿಯು ಮತ್ತೆ ಬರುವುದೋ, ಬಂದರೆ ಯಾವ ರೂಪದಲ್ಲಿಯೋ ಬಲ್ಲವರಾರು? ಸಿದ್ಧತೆಗೆ ಬೇಕಾದುದು ಮಾತ್ರ ಅತಿ ಸಾಮಾನ್ಯವಾದ ಕೆಲಸಗಳು. ಬೀದಿಯ ವ್ಯಾಪಾರಿಗಳ ಸಮೀಕ್ಷೆಯು ಕಾಲಕ್ಕೆ ಸರಿಯಾಗಿ ನಡೆದು, ಪಟ್ಟಿಯು ನಗರಸಂಸ್ಥೆಯ ಕಚೇರಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಅಂಟಿರಬೇಕು. ಮನೆಯಲ್ಲಿ ಹೊಲಿಯುವವರ, ದಾರ ಕತ್ತರಿಸುವವರ ಹೆಸರಿಗೂ ಅದರಲ್ಲೊಂದು ಹಾಳೆ ಬೇಕು. ಯಾವ ಮೈದಾನಕ್ಕೆ ಯಾವ ಮಾರುಕಟ್ಟೆಯು ಹೋಗುವುದೆಂಬ ನಕ್ಷೆಯನ್ನು ವ್ಯಾಪಾರಿಗಳ ಸಮ್ಮುಖದಲ್ಲಿ ಈಗಲೇ ಬರೆಯಬಹುದು. ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ಮುಂದಿನ ಸಲ ಮಳಿಗೆಗಳ ಹರಾಜು ನಡೆಯುವಾಗ, ‘ಸರ್ಕಾರದ ಆಜ್ಞೆಯಿಂದ ಅಂಗಡಿ ಮುಚ್ಚಿದ ದಿನಗಳಿಗೆ ಬಾಡಿಗೆ ಇಲ್ಲ’ ಎಂಬ ಒಂದು ಸಾಲನ್ನು ಷರತ್ತುಗಳ ನಡುವೆ ಸೇರಿಸುವಂತೆ ಕೇಳುವುದಕ್ಕೆ ಬಾಡಿಗೆದಾರರ ಸಂಘವೊಂದರ ಅರ್ಜಿ ಸಾಕು. ಹರಾಜಿನ ಪ್ರಕಟಣೆಯು ನೋಟೀಸು ಫಲಕದ ಮೇಲೆ ಬೀಳುವುದಕ್ಕೆ ಮೊದಲೇ ಆ ಅರ್ಜಿ ಹೋಗಬೇಕು.